‘ಸದ್ಯಕ ನನ್ನ ನಂಬರಿಗೆ ಮಾಡ್ತೀನ್ರಿ’: ವಿಜಯಪುರದ ಒಂದು ಕಾರು ಡೆಲಿವರಿಯ ಪ್ರಕರಣ

ಈ ಪ್ರಕರಣ ನನ್ನ ಬಳಿ ಬಂದದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ. ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ವಿಜಯಪುರದಲ್ಲಿ ಪರಿಚಯದವರಿಗೆ ಗ್ರಾಹಕ ದೂರು, ವಿಮೆ ಕ್ಲೇಮು ಬರೆದುಕೊಡುವ ಕೆಲಸ ಹಚ್ಚಿಕೊಂಡಿದ್ದೇನೆ. ಹೆಚ್ಚಿನವು ಒಂದು ಪತ್ರಕ್ಕೆ ಮುಗಿಯುತ್ತವೆ. ಇದು ಮುಗಿಯಲಿಲ್ಲ, ಅದರಲ್ಲಿ ನನ್ನದೂ ಒಂದು ತಪ್ಪಿದೆ. ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ, ಕಂಪನಿ ಯಾವುದೆಂದು ಹೇಳಿಲ್ಲ, ಮಗಳು ಕೆಲಸ ಮಾಡುವ ಊರನ್ನು ಬದಲಿಸಿ ಸಿಂದಗಿ ಎಂದಿದ್ದೇನೆ.

ಹಿನ್ನೆಲೆ

ತಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಎಲ್ಲರಿಗೂ ಮಾಸ್ತರ್. ಇಲ್ಲಿಯೂ ಹಾಗೇ ಕರೆಯುತ್ತೇನೆ. ಮಗಳು ಸಿಂದಗಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಿಜಯಪುರದಿಂದ ಸಿಂದಗಿಗೆ ಸುಮಾರು 60 ಕಿಲೋಮೀಟರ್. ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ದಣಿದಿದ್ದಳು. ಮಾಸ್ತರರು ನಿವೃತ್ತಿಯ ಹಣದಲ್ಲಿ ಗಾಡಿ ಕೊಡಿಸಲು ಒಪ್ಪಿದರು. ಆರ್‌ಸಿ ಮಾಸ್ತರರ ಹೆಸರಲ್ಲಿ, ಸ್ಟೀರಿಂಗ್ ಮಗಳ ಕೈಯಲ್ಲಿ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಬುಕಿಂಗ್ ಆದ ಸಮಯವನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದರ ಬೆನ್ನಿಗೇ ದಸರಾ. ಬೆಲೆ ಇಳಿಯಲೆಂದು ವಾರಗಟ್ಟಲೆ ತಡೆದವರೆಲ್ಲ ಒಮ್ಮೆಲೇ ಷೋರೂಮಿಗೆ ನುಗ್ಗಿದರು. ಮಾಸ್ತರರ ಗಾಡಿಗೆ ಅಕ್ಟೋಬರ್ 1, ಖಂಡೇನವಮಿಯ (ಆಯುಧಪೂಜೆಯ) ದಿನ ಡೆಲಿವರಿ ಎಂದು ಹೇಳಿದ್ದರು. ಆ ದಿನ ಆ ಒಂದೇ ಅಂಗಳದಿಂದ ಇಪ್ಪತ್ತಕ್ಕೂ ಹೆಚ್ಚು ಗಾಡಿ ಹೊರಬಿದ್ದವಂತೆ.

ಗಾಡಿ ‘ಕನೆಕ್ಟೆಡ್’ ಮಾದರಿಯದು. ಭಾರತದಲ್ಲಿ ಇವು ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ, ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಒಂದರ ಹಿಂದೊಂದು ಇಳಿದ ವರ್ಷ. ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಕೊಡುತ್ತವೆ. ಗಾಡಿಯೊಳಗೇ ಒಂದು ಇ-ಸಿಮ್ ಕೂತಿರುತ್ತದೆ. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಬಾಗಿಲು ಹಾಕಿದೆಯೋ ಇಲ್ಲವೋ ಎಂಬುದು ಆ ಸಿಮ್ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಫೋನಿನ ಆ್ಯಪಿಗೆ ಬರುತ್ತದೆ. ಅಂದರೆ ಆ್ಯಪ್ ಬರೀ ಕಿಟಕಿ. ಫೋನಿನಿಂದ ಆ್ಯಪ್ ಅಳಿಸಿದರೆ ಕಿಟಕಿ ಮುಚ್ಚಿತು, ಒಳಗಿನ ದೀಪ ಆರಲಿಲ್ಲ. ಇದನ್ನು ನಾನು ಸರಿಯಾಗಿ ತಿಳಿದುಕೊಂಡದ್ದೂ ಈ ಪ್ರಕರಣದಿಂದಲೇ.

ಖಂಡೇನವಮಿ, ಬುಧವಾರ, ಹನ್ನೊಂದೂವರೆ

ಮಗಳಿಗೆ ಆ ದಿನ ಮಧ್ಯಾಹ್ನದವರೆಗೆ ಕಾಲೇಜಿನಲ್ಲಿ ಪೂಜೆಯ ಕೆಲಸ. ಮಾಸ್ತರರು, ಅವರ ಮನೆಯವರು, ಗಾಡಿ ಹೊಡೆದುಕೊಂಡು ಬರಲು ಅಣ್ಣನ ಮಗ, ಇಷ್ಟು ಜನ ಹೋಗಿದ್ದರು. ಗಾಡಿಗೆ ಹಾರ ಬಿದ್ದಿದೆ, ಗಾಲಿಯ ಕೆಳಗೆ ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಇಟ್ಟಿದ್ದಾರೆ, ಪೂಜಾರಿ ತೆಂಗಿನಕಾಯಿ ಹಿಡಿದು ನಿಂತಿದ್ದಾನೆ. ಆಗ ಸೇಲ್ಸಿನ ಹುಡುಗ ಬಂದ.

“ಸರ್, ಒಂದ್ ನಿಮಿಷ ಫೋನ್ ಕೊಡ್ರಿ. ಆ್ಯಪ್ ಹಾಕಬೇಕ್ರಿ.”

“ತಮ್ಮಾ, ನಂದು ಬಟನ್ ಫೋನದಪಾ. ಮಗಳು ಸಂಜಿಗೆ ಬರ್ತಾಳ, ಆಕಿ ಹಾಕೋತಾಳ.”

“ಆಗಂಗಿಲ್ರಿ ಸರ್. ಆ್ಯಪ್ ಚಾಲೂ ಆಗಲಿಲ್ಲಂದ್ರ ಸಿಸ್ಟಮ್‌ದಾಗ ಗಾಡಿ ಡೆಲಿವರಿ ಆದಂಗ ತೋರ್ಸಂಗಿಲ್ಲ. ವಾರಂಟಿ ಸುದ್ದಾ ಚಾಲೂ ಆಗಂಗಿಲ್ರಿ.”

ಮಾಸ್ತರರು ಒಪ್ಪಲಿಲ್ಲ. ಹುಡುಗ ತನ್ನ ಮೇಲಿನವನನ್ನು ಕರೆತಂದ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ: “ಇದು ಈಗ ಸರ್ಕಾರದ ರೂಲ್ ಆಗೇದ್ರಿ ಕಾಕಾರ.” ಮಾಸ್ತರರ ಮನೆಯವರು ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆಂದು ಅವಸರ ಮಾಡುತ್ತಿದ್ದರು. ಕೊನೆಗೆ ಹುಡುಗನೇ ದಾರಿ ತೋರಿಸಿದ: “ಸದ್ಯಕ ನನ್ನ ನಂಬರಿಗೆ ಮಾಡ್ತೀನ್ರಿ. ಮೇಡಂ ಬಂದ ಮ್ಯಾಲ ಬದ್ಲಿ ಮಾಡಿಕೊಡ್ತೀನಿ. ನಿಮಗೊಂದು ಓಟಿಪಿ ಬರ್ತದ, ಅದನ್ನ ಹೇಳ್ರಿ ಸಾಕು.”

ಮಾಸ್ತರರು ಓಟಿಪಿ ಹೇಳಿದರು. ಡೆಲಿವರಿ ಹಾಳೆಗೆ ಸಹಿ ಹಾಕಿದರು. ಆ ಹಾಳೆಯಲ್ಲಿ ‘ಕನೆಕ್ಟೆಡ್ ಸೇವೆಗಳನ್ನು ವಿವರಿಸಲಾಗಿದೆ, ಗ್ರಾಹಕರು ಒಪ್ಪಿದ್ದಾರೆ’ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿತ್ತು. ಮಾಸ್ತರರಿಗೆ ಇಂಗ್ಲಿಷ್ ಬರುತ್ತದೆ, ಚಾಳೀಸು ಮನೆಯಲ್ಲಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಾಸ್ತರರು ಮೋಸ ಹೋಗುವ ಮನುಷ್ಯರಲ್ಲ. ಅಂಗಡಿಯ ಬಿಲ್ಲನ್ನು ಬಾಯಲ್ಲೇ ಕೂಡಿಸಿ ತಪ್ಪು ಹಿಡಿಯುವವರು. ಆದರೆ ನಮ್ಮ ಕಡೆ ಓಟಿಪಿ ಎಂದರೆ ಸಹಿ ಎಂದು ಯಾರ ಮನಸ್ಸಿನಲ್ಲೂ ಇಲ್ಲ. ಗ್ಯಾಸ್ ಸಿಲಿಂಡರಿಗೆ ಓಟಿಪಿ, ಆಧಾರಿಗೆ ಓಟಿಪಿ. ಎದುರಿಗೆ ನಿಂತವರು ಕೇಳುತ್ತಾರೆ, ನಾವು ಹೇಳುತ್ತೇವೆ, ಸರತಿ ಮುಂದೆ ಸರಿಯುತ್ತದೆ. ಬ್ಯಾಂಕಿನವರು ವರ್ಷಗಟ್ಟಲೆ ಬಾರಿಸಿದ್ದರಿಂದ ಫೋನಿನಲ್ಲಿ ಕೇಳುವ ಅಪರಿಚಿತನಿಗೆ ಹೇಳಬಾರದೆಂದು ಕಲಿತಿದ್ದೇವೆ. ಹಾರ ಹಾಕಿದ ಗಾಡಿಯ ಮುಂದೆ ನಗುತ್ತ ನಿಂತ ಹುಡುಗನಿಗೆ ಹೇಳಬಾರದೆಂದು ಯಾರೂ ಕಲಿಸಿಲ್ಲ.

ಹುಡುಗ ಹೇಳಿದ ಕಾರಣಗಳಲ್ಲಿ ನಿಜವೆಷ್ಟು? ಆ ಗಾಡಿಯ ವಾರಂಟಿ ಪುಸ್ತಕವನ್ನು ಆಮೇಲೆ ನಾನೇ ಓದಿದೆ. ವಾರಂಟಿ ಎಣಿಕೆಯಾಗುವುದು ಡೆಲಿವರಿ ದಿನಾಂಕದಿಂದ. ಆ್ಯಪಿನ ಮಾತೇ ಇಲ್ಲ. ‘ಸರ್ಕಾರದ ರೂಲ್’ ಎಂಬುದು ಬೇರೆಲ್ಲಿಂದಲೋ ಹಾರಿಬಂದ ಮಾತು. 2019ರ ಜನವರಿ 1ರಿಂದ ಹೊಸ ಬಸ್, ಟ್ಯಾಕ್ಸಿಯಂಥ ಸಾರ್ವಜನಿಕ ಸೇವೆಯ ವಾಹನಗಳಿಗೆ ಸ್ಥಳ ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾಗಿದೆ. ಮನೆಬಳಕೆಯ ಬಿಳಿ ಬೋರ್ಡಿನ ಗಾಡಿಗೆ ಅದು ತಾಗುವುದಿಲ್ಲ. ಡೆಲಿವರಿ ತೋರಿಸುವುದಿಲ್ಲ ಎಂಬ ಮೂರನೆಯ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿತ್ತು. ಕೊಟ್ಟ ಗಾಡಿಗಳಲ್ಲಿ ಎಷ್ಟಕ್ಕೆ ಆ್ಯಪ್ ಚಾಲೂ ಆಯಿತು ಎಂದು ಮೇಲಿನವರು ಆ ಷೋರೂಮಿಗೆ ಲೆಕ್ಕ ಕೇಳುತ್ತಿದ್ದರು, ಹುಡುಗನ ಇನ್ಸೆಂಟಿವ್ ಅದಕ್ಕೆ ಕಟ್ಟಿಹಾಕಿತ್ತು. ತೊಂದರೆ ಗಾಡಿಗಿರಲಿಲ್ಲ, ಹುಡುಗನ ಟಾರ್ಗೆಟ್ಟಿಗಿತ್ತು.

ನೆರಳಿನ ಮಾತು

ಬದಲಿ ಮಾಡಿಕೊಡುವ ಮಾತು ದಸರೆಯಿಂದ ದೀಪಾವಳಿಗೆ, ದೀಪಾವಳಿಯಿಂದ ಮುಂದಿನ ಸರ್ವಿಸಿಗೆ ಹೋಯಿತು. ಮಗಳಿಗೂ ಅವಸರವಿರಲಿಲ್ಲ. ಗಾಡಿ ಚೆನ್ನಾಗಿ ಓಡುತ್ತಿತ್ತು.

ನವೆಂಬರ್ ಕೊನೆಯಲ್ಲಿ ಅದೇ ಹುಡುಗ ಮಗಳಿಗೆ ಫೋನ್ ಮಾಡಿದ. ಹೆಚ್ಚಿನ ವಾರಂಟಿ, ಪೇಂಟ್ ಕೋಟಿಂಗ್ ಮಾರಬೇಕಿತ್ತು. “ಮೇಡಂ, ದಿನಾ 120 ಕಿಲೋಮೀಟರ್ ಓಡ್ಲಾಕತ್ತದ, ವಾರಂಟಿ ಲಗೂನ ಮುಗೀತದ್ರಿ.” ಇಷ್ಟಕ್ಕೆ ಆಕೆಗೆ ಅನುಮಾನ ಬರಲಿಲ್ಲ, ಮೊದಲ ಸರ್ವಿಸಿನಲ್ಲಿ ಓಡೋಮೀಟರ್ ನೋಡಿರಬಹುದು ಎಂದುಕೊಂಡಳು. ಮುಂದಿನ ಮಾತು ಬೇರೆ ಇತ್ತು: “ಮತ್ತ ಕಾಲೇಜಿನ ಮುಂದ ನೀವು ನಿಲ್ಸೋ ಜಾಗಾದಾಗ ನೆರಳಿಲ್ರಿ. ದಿನಪೂರ್ತಿ ಬಿಸಲಾಗ ನಿಂತಿರ್ತದ. ಕೋಟಿಂಗ್ ಮಾಡಿಸ್ರಿ.”

ಓಡೋಮೀಟರಿಗೆ ನೆರಳು ಗೊತ್ತಾಗುವುದಿಲ್ಲ.

“ನಿಮಗ ಹೆಂಗ್ ಗೊತ್ತು?” ಎಂದು ಕೇಳಿದಳು.

“ಆ್ಯಪ್‌ನಾಗ ಕಾಣಸ್ತದಲ್ರಿ ಮೇಡಂ,” ಎಂದ, ಇದರಲ್ಲಿ ಕೇಳುವುದೇನಿದೆ ಎಂಬ ದನಿಯಲ್ಲಿ.

ಆಕೆ ನನಗೆ ಹೇಳಿದ್ದು: ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಎರಡು ತಿಂಗಳು ತಾನು ಯಾವಾಗ ಮನೆ ಬಿಟ್ಟೆ, ಎಲ್ಲಿ ನಿಂತೆ, ರಾತ್ರಿ ಗಾಡಿ ಎಲ್ಲಿತ್ತು ಎಂಬುದು ಪರಿಚಯವಿಲ್ಲದ ಒಬ್ಬನ ಜೇಬಿನಲ್ಲಿತ್ತು. ದೂರದಿಂದ ಬಾಗಿಲು ತೆಗೆಯುವ ಗುಂಡಿಯೂ ಅದೇ ಆ್ಯಪಿನಲ್ಲಿದೆ. ಓಟಿಪಿ ಕೊಟ್ಟವರು ಅಪ್ಪ. ನಕಾಶೆಯ ಮೇಲೆ ಚಲಿಸುತ್ತಿದ್ದ ಚುಕ್ಕೆ ಮಗಳು. ಆಕೆಯನ್ನು ಯಾರೂ ಕೇಳಿಯೇ ಇರಲಿಲ್ಲ.

ಮಾಡಿ ನೋಡಿದ್ದು

ಮೊದಲು ಹುಡುಗನಿಗೇ ಹೇಳಿದಳು. “ಡಿಲೀಟ್ ಮಾಡೀನ್ರಿ ಮೇಡಂ” ಎಂದ. ಸುಳ್ಳಲ್ಲ, ತನ್ನ ಫೋನಿನಿಂದ ಆ್ಯಪ್ ತೆಗೆದುಹಾಕಿದ್ದ. ಆದರೆ ಮಗಳು ತನ್ನ ಫೋನಿನಲ್ಲಿ ನೋಂದಾಯಿಸಲು ಹೋದಾಗ, ಈ ಚಾಸಿ ನಂಬರ್ ಈಗಾಗಲೇ ಬೇರೊಂದು ಖಾತೆಗೆ ಸೇರಿದೆ ಎಂಬ ಉತ್ತರ ಬಂತು.

ಎರಡನೆಯದು ಕಂಪನಿಯ ಕಸ್ಟಮರ್ ಕೇರ್. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. ಖಾತೆ ಬದಲಿಸಲು ನೋಂದಾಯಿತ ನಂಬರಿಗೆ ಓಟಿಪಿ ಕಳಿಸುತ್ತೇವೆ, ಹೇಳಿ ಎಂದರು. ನೋಂದಾಯಿತ ನಂಬರ್ ಹುಡುಗನದು! ಆರ್‌ಸಿ ಕಳಿಸುತ್ತೇವೆ, ಬಿಲ್ ಕಳಿಸುತ್ತೇವೆ ಎಂದರೂ ಓಟಿಪಿಯೇ ಬೇಕು ಎಂದರು. ಗಾಡಿಯ ಮಾಹಿತಿಯನ್ನು ಬೇರೆಯವರ ಕೈಗೆ ಕೊಡಲು ಮಾಲೀಕರ ಓಟಿಪಿ ಸಾಕಾಗಿತ್ತು, ಮರಳಿ ಪಡೆಯಲು ಸಾಲದಾಯಿತು. ಹುಡುಗನಿಗೆ ಮತ್ತೆ ಫೋನ್ ಮಾಡಿದರೆ ಆ ನಂಬರ್ ಸ್ವಿಚ್ ಆಫ್. ಷೋರೂಮಿಗೆ ಹೋದಾಗ, ಅವನು ಕೆಲಸ ಬಿಟ್ಟು ಸೊಲ್ಲಾಪುರಕ್ಕೆ ಹೋದ, ನಾವೇನು ಮಾಡಲು ಬರುತ್ತದೆ ಎಂದರು.

ಆಗ ಅವರು ನನ್ನ ಹತ್ತಿರ ಬಂದರು. ಪೊಲೀಸರಿಗೆ ಹೋಗಬೇಕೆ ಎಂಬುದು ಮೊದಲ ಪ್ರಶ್ನೆ. ಮಾಸ್ತರರು ಬೇಕು ಎಂದರು, ಮಗಳು ಬೇಡ ಎಂದಳು. ಹುಡುಗ ಹಿಂಬಾಲಿಸಿರಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿರಲಿಲ್ಲ. ಹುಡುಗನ ಮೇಲೆ ಕೇಸಾದರೆ ಅವನನ್ನು ಆ ಕೆಲಸಕ್ಕೆ ನೂಕಿದವರು ಪಾರಾಗುತ್ತಾರೆ ಎಂಬುದು ಆಕೆಯ ವಾದ. ನನಗೂ ಅದೇ ಸರಿ ಎನಿಸಿತು. ಇಷ್ಟಕ್ಕೆ ನಿಲ್ಲದ ಹುಡುಗನಾಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು.

ಮೊದಲ ಪತ್ರವನ್ನು ಡಿಸೆಂಬರ್ 8ರಂದು ಷೋರೂಮಿಗೆ ಬರೆದೆ. ನನ್ನ ತಪ್ಪು ಇಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಆಗಷ್ಟೇ ಓದಿದ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದವು. ಒಪ್ಪಿಗೆ ಎಂಬುದು ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಗೆ ಕಟ್ಟಿದ್ದಾಗಿರಬಾರದು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು. ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶವಿರಬೇಕು. ಓದುತ್ತ ಹೋದರೆ ಈ ಪ್ರಕರಣಕ್ಕೇ ಬರೆದಂತಿತ್ತು. ಹುರುಪಿನಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದೆಂದು ಹೆದರಿಸಿ ನಾಲ್ಕು ಪುಟ ಬರೆದೆ.

ಒಂದು ವಾರಕ್ಕೆ ಎರಡೇ ಸಾಲಿನ ಉತ್ತರ ಬಂತು: ನೀವು ಹೇಳಿದ ಕಲಂಗಳು ಇನ್ನೂ ಜಾರಿಗೆ ಬಂದಿಲ್ಲ. ಅವರು ಹೇಳಿದ್ದು ಸರಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಚಾಲ್ತಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ನಂತರ, 2027ರಲ್ಲಿ. ನಾಲ್ಕು ಪುಟದಲ್ಲಿ ನಾನು ಕೇಳಬೇಕಾದದ್ದನ್ನೇ ಸ್ಪಷ್ಟವಾಗಿ ಕೇಳಿರಲಿಲ್ಲ. ಅವರಿಗೆ ಉತ್ತರಿಸಲು ಸುಲಭವಾದ ಒಂದೇ ಎಳೆ ಕೊಟ್ಟಿದ್ದೆ, ಅದನ್ನು ಎಳೆದರು. ನಾಚಿಕೆಯಾಯಿತು.

ಸಿಮ್ ಯಾರದು?

ತಿರುವು ಸಿಕ್ಕಿದ್ದು ಕಾನೂನಿನಿಂದಲ್ಲ. ಮಾಸ್ತರರ ಅಣ್ಣನ ಮಗ ಹೇಗೋ ಹುಡುಗನ ಸ್ವಂತ ನಂಬರ್ ಹುಡುಕಿ ತಂದ. ಫೋನ್ ಮಾಡಿದೆ. ಬೈಸಿಕೊಳ್ಳಲು ಸಿದ್ಧನಾದಂತೆ ಮಾತಾಡಿದ. ಬೈಯದಿದ್ದಾಗ ಎಲ್ಲ ಹೇಳಿದ.

“ಸರ್, ನನ್ನ ನಂಬರ್ ಅಂದಿದ್ದು ನಂದಲ್ರಿ. ಷೋರೂಮಿನವ್ರು ಕೊಟ್ಟ ಸಿಮ್ ಅದು. ಬಿಡಾಕಾರ ವಾಪಸ್ ಕೊಟ್ಟೀನಿ. ಅವತ್ತ ಅದರ ಮ್ಯಾಲ ನಾಕ್ ಗಾಡಿ ಮಾಡೀನ್ರಿ.”

ಎರಡು ಸಂಗತಿ ಒಮ್ಮೆಲೇ ಹೊರಬಂದವು. ಒಂದು, ಖಾತೆ ಇದ್ದದ್ದು ಡೀಲರ್ ಸಂಸ್ಥೆಯ ಸಿಮ್ಮಿನ ಮೇಲೆ. ಹುಡುಗ ಕೆಲಸ ಬಿಟ್ಟ ಎಂಬ ನೆಪ ಅಲ್ಲಿಗೆ ಬಿದ್ದುಹೋಯಿತು. ಓಟಿಪಿ ಬರುವ ಸಿಮ್ ಅವರದೇ ಡ್ರಾವರಿನಲ್ಲಿದೆ, ಇಲ್ಲವೇ ಹೊಸ ಹುಡುಗನೊಬ್ಬನ ಕೈಯಲ್ಲಿದೆ. ಎರಡು, ಇನ್ನೂ ಮೂರು ಮನೆಯವರಿಗೆ ತಮ್ಮ ಗಾಡಿ ಎಲ್ಲಿ ಜೋಡಣೆಯಾಗಿದೆಯೆಂದು ಗೊತ್ತೇ ಇಲ್ಲ.

ಎರಡನೆಯ ಪತ್ರ ಡಿಸೆಂಬರ್ 18ರದು. ಒಂದೇ ಪುಟ. ಗಾಡಿ ಈ ಚಾಸಿ ನಂಬರಿನದು, ಆರ್‌ಸಿ ಇವರ ಹೆಸರಿನಲ್ಲಿದೆ, ಖಾತೆ ನಿಮ್ಮ ಸಂಸ್ಥೆಯ ಈ ಮೊಬೈಲ್ ನಂಬರಿನಲ್ಲಿದೆ. ಕೋರಿಕೆ ಮೂರು: ಖಾತೆಯನ್ನು ಬಿಡಿಸಿಕೊಡಿ, ಈ ದಿನಗಳಲ್ಲಿ ಗಾಡಿಯ ಸ್ಥಳವನ್ನು ಯಾರು ಯಾವಾಗ ನೋಡಿದ್ದಾರೆಂಬ ದಾಖಲೆ ಕೊಡಿ, ಆ ವಾರ ಹೀಗೆ ಜೋಡಿಸಿದ ಉಳಿದ ಗಾಡಿಗಳ ಮಾಲೀಕರಿಗೆ ತಿಳಿಸಿ. ಕಾನೂನಿಗೆ ಒಂದೇ ಸಾಲು. ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ತಿಳಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ಮತ್ತು ಈ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಪ್ರತಿಯನ್ನು ಕಂಪನಿಯ ದೂರು ವಿಭಾಗಕ್ಕೆ ಕಳಿಸಿ, ಅದೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನೂ ಸೇರಿಸಿದೆವು.

ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ತಯಾರಿಟ್ಟಿದ್ದೆವು. ಗಾಡಿಯ ಬೆಲೆ ಹತ್ತು ಲಕ್ಷದೊಳಗೆ ಇದ್ದುದರಿಂದ ಶುಲ್ಕ 200 ರೂಪಾಯಿ. ಖಂಡೇನವಮಿಯ ದಿನದ ಹಾರಕ್ಕೆ ಅದಕ್ಕಿಂತ ಹೆಚ್ಚು ಹೋಗಿತ್ತು ಎಂದು ಮಾಸ್ತರರು ಲೆಕ್ಕ ಹೇಳಿದರು. ಅರ್ಜಿ ಕೊಡುವ ಪ್ರಸಂಗ ಬರಲಿಲ್ಲ.

ಆದದ್ದು

ಜನವರಿ 2ರಂದು ಷೋರೂಮಿಗೆ ಕರೆದರು. ಮ್ಯಾನೇಜರ್ ಸಿಮ್ ತರಿಸಿ ಫೋನಿಗೆ ಹಾಕಿದರು, ಓಟಿಪಿ ಬಂತು, ಗಾಡಿ ಖಾತೆಯಿಂದ ಹೊರಬಂತು. ಹನ್ನೊಂದು ನಿಮಿಷದ ಕೆಲಸ. ಡೆಲಿವರಿಯಾಗಿ 93 ದಿನ ಕಳೆದಿತ್ತು. ಚಹಾ ಬಂತು, ಅಮೀನಗಡದ ಕರದಂಟಿನ ಡಬ್ಬಿಯೂ ಬಂತು. ಮಾಸ್ತರರು ಚಹಾ ಕುಡಿದರು, ಡಬ್ಬಿ ಅಲ್ಲೇ ಬಿಟ್ಟು ಬಂದರು.

ಮುಂದೇನು ಎಂಬಲ್ಲಿ ಅಪ್ಪ ಮಗಳಿಗೆ ಹತ್ತಿತು. ಸೇವೆಯನ್ನೇ ಪೂರ್ತಿ ನಿಲ್ಲಿಸಬೇಕೆಂದು ಮಾಸ್ತರರ ಹಟ: “ನಾ ನಲವತ್ತು ವರ್ಷ ಸೈಕಲ್ ಹೊಡದೀನಿ, ಯಾವ ಸರ್ವರಿಗೂ ಗೊತ್ತಿದ್ದಿಲ್ಲ.” ಪೂರ್ತಿ ನಿಲ್ಲಿಸಲು ಕಂಪನಿಗೆ ಲಿಖಿತ ಕೋರಿಕೆ ಕೊಡಬೇಕು, ಆಗ ಅಪಘಾತವಾದರೆ ತಾನಾಗಿ ಕರೆ ಹೋಗುವ ಸೌಲಭ್ಯವೂ ನಿಲ್ಲುತ್ತದೆ ಎಂದು ತಿಳಿಯಿತು. ಸಿಂದಗಿ ರಸ್ತೆಯಲ್ಲಿ ಕತ್ತಲಾದ ಮೇಲೆ ಒಬ್ಬಳೇ ಬರುವ ದಿನಗಳಿವೆ, ಅದು ಇರಲಿ ಎಂದಳು ಮಗಳು. ಅಮೆರಿಕದ ಜನರಲ್ ಮೋಟರ್ಸ್ ವಿಷಯವನ್ನೂ ಆಕೆಗೆ ಹೇಳಿದೆ. ಗಾಡಿ ಓಡಿಸುವ ರೀತಿಯ ಮಾಹಿತಿ ವಿಮೆ ಕಂಪನಿಗಳವರೆಗೆ ಹೋದದ್ದು 2024ರಲ್ಲಿ ಬಯಲಾಗಿ, 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಕ್ರಮಕ್ಕಿಳಿಯಿತು. ನಮ್ಮಲ್ಲೂ ಓಡಿಸುವ ರೀತಿ ನೋಡಿ ಪ್ರೀಮಿಯಂ ಹಾಕುವ ವಿಮೆಗೆ 2022ರ ಜುಲೈನಲ್ಲೇ ಅನುಮತಿ ಸಿಕ್ಕಿದೆ. ಕೇಳಿಸಿಕೊಂಡು, ಆ್ಯಪಿನ ಸೆಟ್ಟಿಂಗಿನಲ್ಲಿ ಜಾಹೀರಾತು ಮತ್ತು ಬೇರೆ ಸಂಸ್ಥೆಗಳಿಗೆ ಹಂಚುವ ಒಪ್ಪಿಗೆಗಳನ್ನು ಒಂದೊಂದಾಗಿ ತೆಗೆದಳು. ಉಳಿದದ್ದನ್ನು ಇಟ್ಟುಕೊಂಡಳು.

ಆ್ಯಪಿನಲ್ಲಿ ಎರಡನೆಯ ಬಳಕೆದಾರರನ್ನು ಸೇರಿಸಬಹುದು. ಗಾಡಿ ಗೊತ್ತುಮಾಡಿದ ಗಡಿ ದಾಟಿದರೆ ಅವರಿಗೆ ಸಂದೇಶ ಹೋಗುತ್ತದೆ. ಅಷ್ಟು ಹೊತ್ತು ಸೈಕಲ್ಲಿನ ಮಾತಾಡಿದ ಮಾಸ್ತರರು, ಅಣ್ಣನ ಮಗನ ಫೋನಿಗೆ ಅದೊಂದನ್ನು ಹಾಕಿಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದರು. ಮಗಳು ನಕ್ಕಳು. “ಅಪ್ಪಾ, ಫೋನ್ ಹಚ್ಚಿ ಎಲ್ಲಿದ್ದೀ ಅಂತ ಕೇಳು, ನಾ ಹೇಳ್ತೀನಿ.” ಮಾಸ್ತರರು ಮತ್ತೆ ಆ ಮಾತು ತೆಗೆಯಲಿಲ್ಲ.

ಈ ಪ್ರಕರಣದ ನಂತರ ಡೆಲಿವರಿಗೆ ಹೋಗುವ ಯಾರು ಕೇಳಿದರೂ ನಾನು ಹೇಳುವುದು ಕಡಿಮೆ. ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಷೋರೂಮಿನ ಅಂಗಳದಲ್ಲಿ ಹೊತ್ತಿರುವುದಿಲ್ಲ. ಖಾತೆ ಯಾವ ನಂಬರಿನಲ್ಲಿ ತೆರೆಯುತ್ತಿದೆ ಎಂದು ಪರದೆಯ ಮೇಲೆ ತೋರಿಸಲು ಹೇಳಿ. ಗಾಡಿ ಓಡಿಸುವವರ ನಂಬರ್ ಅಲ್ಲದಿದ್ದರೆ ಓಟಿಪಿ ಹೇಳಬೇಡಿ. ವಾರಂಟಿ ಬರುವುದಿಲ್ಲ ಎಂದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಲು ಕೇಳಿ. ಈ ವರ್ಷ ಯುಗಾದಿಗೆ ನಮ್ಮ ಓಣಿಯವರೊಬ್ಬರು ಬೇರೊಂದು ಷೋರೂಮಿಗೆ ಮಾಸ್ತರರನ್ನು ಜೊತೆಗೆ ಕರೆದೊಯ್ದಿದ್ದರು. ಅಲ್ಲಿಯೂ ಅದೇ ಮಾತು ಬಂತು. ಮಾಸ್ತರರು ಈ ಸಲ ಚಾಳೀಸು ಹಾಕಿಕೊಂಡು, ಡೆಲಿವರಿ ಹಾಳೆಯ ಆ ಸಾಲನ್ನು ಹೊಡೆದುಹಾಕಿ, ‘ಬೇಕಾದಾಗ ನಾವೇ ಹಾಕಿಕೊಳ್ಳುತ್ತೇವೆ’ ಎಂದು ಕನ್ನಡದಲ್ಲಿ ಬರೆಸಿ ಸಹಿ ಮಾಡಿಸಿದರು. ಗಾಡಿ ಗೇಟು ದಾಟಿತು.

ನಮ್ಮ ಪತ್ರದ ಎರಡನೆಯ ಮತ್ತು ಮೂರನೆಯ ಕೋರಿಕೆಗೆ ಉತ್ತರ ಬಂದಿಲ್ಲ. ಆ ಮೂರು ಗಾಡಿಗಳಲ್ಲಿ ಒಂದರ ಮಾಲೀಕರನ್ನು ಡೆಲಿವರಿ ದಿನದ ಫೋಟೊ ನೋಡಿ ಮಾಸ್ತರರು ಗುರುತಿಸಿದರು, ಹೋಗಿ ತಿಳಿಸಿ ಬಂದರು. ಇನ್ನೆರಡು ಯಾರವೋ ಗೊತ್ತಿಲ್ಲ. ಸಿಮ್ ಷೋರೂಮಿನಲ್ಲೇ ಇದೆ.

ನೆರಳಿನ ವಿಷಯದಲ್ಲಿ ಮಾತ್ರ ಹುಡುಗ ಹೇಳಿದ್ದು ಖರೆ. ಕಾಲೇಜಿನ ಹಿಂದುಗಡೆ ಒಂದು ದೊಡ್ಡ ಬೇವಿನ ಗಿಡವಿದೆ. ಮಗಳು ಈಗ ಗಾಡಿಯನ್ನು ಅದರ ಕೆಳಗೆ ನಿಲ್ಲಿಸುತ್ತಾಳೆ.